ಕಾರಿನ ಬಾಗಿಲು ಹೆಪ್ಪುಗಟ್ಟುವಿಕೆ

ಕಾರಿನ ಬಾಗಿಲಿಗೂ ಅದು ಕೂರುವ ಚೌಕಟ್ಟಿಗೂ ನಡುವಿನ ರಬ್ಬರ್ ಪಟ್ಟಿಯಲ್ಲಿ, ಹ್ಯಾಂಡಲ್ಲಿನ ಸಂದಿಯಲ್ಲಿ ಅಥವಾ ಬೀಗದೊಳಗೆ ನಿಂತ ನೀರು ರಾತ್ರಿಯ ಚಳಿಗೆ ಮಂಜುಗಡ್ಡೆಯಾಗಿ, ಬೆಳಗ್ಗೆ ಬಾಗಿಲು ತೆರೆಯದಂತಾಗುವುದು. ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ನಾಡುಗಳಲ್ಲಿ ಇದು ಚಳಿಗಾಲದ ಮಾಮೂಲಿ ತಾಪತ್ರಯ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಮನೆ ಮುಂದೆ ನಿಲ್ಲಿಸಿದ ಕಾರಿಗೆ ಇಂಥದ್ದೇನೂ ಆಗುವುದಿಲ್ಲ. ಆದರೆ ಅದೇ ಕಾರು ಡಿಸೆಂಬರ್ ರಜೆಯಲ್ಲಿ ಊಟಿಗೆ ಹೋಗುತ್ತದೆ. ಇದೇ ತಾಲ್ಲೂಕುಗಳ ಮಕ್ಕಳು ಶಿಕಾಗೊದಲ್ಲೋ ಟೊರಾಂಟೊದಲ್ಲೋ ಕೆಲಸಕ್ಕೆ ಹೊರಡುವ ಹೊತ್ತಿಗೆ ಕಾರಿನ ಬಾಗಿಲು ಎಳೆಯುತ್ತ ನಿಲ್ಲುವುದೂ ಉಂಟು. ಹಾಗಾಗಿ ಈ ಸೀಮೆಯವರಿಗೆ ಇದು ತೀರ ದೂರದ ವಿಷಯವಲ್ಲ.

ಅಂಟುವ ಬಗೆ

ಚಳಿಯೊಂದೇ ಬಾಗಿಲನ್ನು ಹಿಡಿದಿಡಲಾರದು, ನೀರು ಬೇಕು. ಚೆನ್ನಾಗಿ ಒಣಗಿದ ಕಾರು ಮೈನಸ್ 20 ಡಿಗ್ರಿಯಲ್ಲೂ ತೆರೆದುಕೊಳ್ಳುತ್ತದೆ. ಒದ್ದೆಯಾಗಿ ನಿಂತ ಕಾರು ಮೈನಸ್ 2ಕ್ಕೇ ಕಚ್ಚಿಕೊಳ್ಳುತ್ತದೆ. ತಡೆಯುವ ಎಲ್ಲ ಉಪಾಯಗಳೂ ಈ ಒಂದು ಸಂಗತಿಯ ಮೇಲೆ ನಿಂತಿವೆ. ಇದನ್ನು ಮರೆತವರು ಬಾಗಿಲನ್ನು ಬೆಚ್ಚಗಿಡುವುದು ಹೇಗೆಂದು ಯೋಚಿಸುತ್ತ ಕೂರುತ್ತಾರೆ.

ಬಾಗಿಲಿನ ಅಂಚಿನಲ್ಲಿ ಸುತ್ತಲೂ ಹಾಯುವ ರಬ್ಬರಿಗೆ ನಮ್ಮ ಗ್ಯಾರೇಜುಗಳಲ್ಲಿ ‘ಬೀಡಿಂಗ್’ ಎನ್ನುತ್ತಾರೆ. ಮಳೆ, ದೂಳು, ಗಾಳಿಯ ಸದ್ದು ಒಳಗೆ ಬಾರದಂತೆ ತಡೆಯುವುದು ಅದರ ಕೆಲಸ. ಇಂದಿನ ಕಾರುಗಳಲ್ಲಿ ಇದು ಬಹುತೇಕ ಇಪಿಡಿಎಂ ಎಂಬ ಕೃತಕ ರಬ್ಬರಿನದು. ಬಿಸಿಲಿಗೂ ಓಜೋನಿಗೂ ಇದು ಸಹಜ ರಬ್ಬರಿಗಿಂತ ಚೆನ್ನಾಗಿ ಬಾಳುತ್ತದೆ. ಪಟ್ಟಿಯ ಒಳಗೆ ಟೊಳ್ಳು ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಅಮುಕಿಕೊಂಡು ಚೌಕಟ್ಟಿನ ಬಣ್ಣಕ್ಕೆ ಒತ್ತಿ ಕೂರುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಸಾಕು, ನೀರು ಅಲ್ಲಿಗೆ ತಾನಾಗಿಯೇ ಎಳೆದುಕೊಂಡು ನಿಲ್ಲುತ್ತದೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ರಬ್ಬರಿನ ಮೇಲ್ಮೈಯಲ್ಲಿರುವ ಸಣ್ಣ ಗುಳಿ, ಬಿರುಕುಗಳಿಗೆಲ್ಲ ಮಂಜುಗಡ್ಡೆ ಹೊಕ್ಕು ಹಿಡಿಯುತ್ತದೆ. ಹೊಸ, ನುಣುಪಾದ ಬೀಡಿಂಗಿಗಿಂತ ಹಳತಾಗಿ ಒಡೆದ ಬೀಡಿಂಗ್ ಹೆಚ್ಚು ಗಟ್ಟಿಯಾಗಿ ಅಂಟುವುದು ಇದರಿಂದಲೇ. ಅಂಟಿದ ಮೇಲೆ ಬಲವಂತವಾಗಿ ಎಳೆದರೆ ಮಂಜುಗಡ್ಡೆ ಬಿಡುವುದಿಲ್ಲ, ರಬ್ಬರೇ ಹರಿಯಬಹುದು. ಹರಿದ ಜಾಗದಿಂದ ಮುಂದೆ ಮಳೆ ಒಳಗಿಳಿಯುತ್ತದೆ.

ನೀರು ಬರುವ ದಾರಿಗಳು ಹಲವು. ಸಂಜೆ ತೊಳೆದ ಕಾರು, ಮಳೆ ಬಿದ್ದ ಬೆನ್ನಿಗೆ ಇಳಿದ ಚಳಿ, ಇಬ್ಬನಿ ಇವೆಲ್ಲ ಹೊರಗಿನವು. ಒಳಗಿನ ದಾರಿ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಜನ ಕೂತು ಉಸಿರಾಡಿದ ಕಾರಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೂಟಿಗೆ ಮೆತ್ತಿದ ಹಿಮ ಕರಗಿ ಕಾಲೊರಸು ಒದ್ದೆಯಾಗಿರುತ್ತದೆ. ಹೀಟರ್ ಆರಿದ ಮೇಲೆ ಈ ತೇವವೆಲ್ಲ ಕಾರಿನ ತಣ್ಣನೆಯ ಅಂಚುಗಳಿಗೆ, ಎಂದರೆ ಗಾಜಿಗೂ ಬೀಡಿಂಗಿಗೂ ಹೋಗಿ ಕೂರುತ್ತದೆ. ಇನ್ನೊಂದು ದಾರಿ ಬಾಗಿಲಿನ ತಳ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಹೋಗಲೆಂದು ಅಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಕೆಸರು, ಎಲೆಚೂರು ಸೇರಿ ಅವು ಕಟ್ಟಿಕೊಂಡರೆ ನೀರು ಬಾಗಿಲಿನ ಹೊಟ್ಟೆಯಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಅದು ತುಕ್ಕು ತರುತ್ತದೆ, ಚಳಿನಾಡಿನಲ್ಲಿ ಗಾಜು ಏರಿಳಿಸುವ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತದೆ.

ಹಾವೇರಿ ಸೀಮೆಯ ಥಂಡಿ

ನಾಲ್ಕೂ ತಾಲ್ಲೂಕುಗಳು ಸುಮಾರು 14.5ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 550–600 ಮೀಟರಿನ ಆಸುಪಾಸಿನಲ್ಲಿವೆ. ಹಾನಗಲ್ ಅರೆಮಲೆನಾಡು. ಅಲ್ಲಿ ಮಳೆ ಹೆಚ್ಚು, ಭತ್ತ, ಮಾವು, ಅಡಿಕೆ ಬೆಳೆಯುತ್ತವೆ. ಸವಣೂರಿನ ಕಡೆಗೆ ಹೋದಂತೆ ಬಯಲು ತೆರೆದುಕೊಳ್ಳುತ್ತದೆ, ಒಣಹವೆ ಹೆಚ್ಚುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಉಷ್ಣತೆ ಸಾಮಾನ್ಯವಾಗಿ 13–15 ಡಿಗ್ರಿಗೆ ಇಳಿಯುತ್ತದೆ. ಕೆಲವೊಮ್ಮೆ ಇನ್ನೊಂದೆರಡು ಡಿಗ್ರಿ ಕಡಿಮೆಯೂ ಆಗುತ್ತದೆ. ಎತ್ತರದಲ್ಲಿರುವ ಬೆಂಗಳೂರಿನಲ್ಲೇ ದಾಖಲೆಯ ಕನಿಷ್ಠ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರ ಮಾತು. ಹಾನಗಲ್ಲಿನ ಅಂಗಳದಲ್ಲಿ ನೀರು ಕಲ್ಲಾಗುವುದನ್ನು ಕಾಯುವುದು ವ್ಯರ್ಥ.

ಇಬ್ಬನಿಗೆ ಮಾತ್ರ ಇಲ್ಲಿ ಕೊರತೆಯಿಲ್ಲ. ಆಕಾಶ ನಿರ್ಮಲವಾಗಿದ್ದ ರಾತ್ರಿ ಕಾರಿನ ತೆಳು ತಗಡು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಯಾಗುತ್ತದೆ. ಬೆಳಗ್ಗೆ ಛಾವಣಿಯಿಂದ ಬಾಗಿಲಿನ ಸಂದಿಗೆ ನೀರಿಳಿದಿರುವುದು, ಬಾಗಿಲು ತೆರೆದಾಗ ಬೀಡಿಂಗ್ ಚರ್ರನೆ ಬಿಡುವುದು ಇಲ್ಲಿಯ ವಾಹನದವರಿಗೆ ಗೊತ್ತು. ನೀರು ಸೇರುವ ಮಟ್ಟಿಗೆ ಇಲ್ಲಿಯೂ ಚಳಿನಾಡಿನಲ್ಲಿಯೂ ನಡೆಯುವುದು ಒಂದೇ, ಇಲ್ಲಿ ಅದು ಕಲ್ಲಾಗುವಷ್ಟು ಚಳಿ ಬೀಳುವುದಿಲ್ಲ. ಟಂಟಂ ಎಂಬ ಬಾಡಿಗೆ ಆಟೊಗಳಿಗೆ ಬಾಗಿಲೇ ಇಲ್ಲವಾದ್ದರಿಂದ ಅವಕ್ಕೆ ಈ ಚಿಂತೆಯೂ ಇಲ್ಲ. ಹಳ್ಳಿಗಳ ನಡುವೆ ಓಡುವ ಬಾಡಿಗೆ ಜೀಪುಗಳಾದ ಕ್ರೂಸರ್‌ಗಳ ಹಿಂಬಾಗಿಲಿನ ಬೀಡಿಂಗ್ ಎಷ್ಟೋ ಸಲ ಉಳಿದಿರುವುದೇ ಇಲ್ಲ.

ಬೀಡಿಂಗಿನ ಶತ್ರುಗಳು ಇಲ್ಲಿ ಬೇರೆ. ಏಪ್ರಿಲ್, ಮೇ ಬಿಸಿಲಿಗೆ ಮೆತ್ತಗಾದ ರಬ್ಬರ್ ಚೌಕಟ್ಟಿನ ಬಣ್ಣಕ್ಕೆ ಅಂಟುತ್ತದೆ. ಮುಂಗಾರಿನಲ್ಲಿ ಕೆಸರು ಸೇರುತ್ತದೆ. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಮೇಲೆ ಹುರುಳಿ, ಜೋಳ ಹರಡಿ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ಪದ್ಧತಿ ಉತ್ತರ ಕರ್ನಾಟಕದ ಹಲವೆಡೆ ಇದೆ. ಆಗ ಏಳುವ ಹೊಟ್ಟು ಬಾಗಿಲಿನ ಸಂದಿಗಳಿಗೆ ತುಂಬಿಕೊಳ್ಳುತ್ತದೆ. ಹೊಟ್ಟು ಕೂತ ಬೀಡಿಂಗ್ ಸ್ಪಂಜಿನಂತೆ ನೀರು ಹಿಡಿಯುತ್ತದೆ. ಅಂಥ ಕಾರನ್ನು ಹಾಗೆಯೇ ಬೆಟ್ಟಕ್ಕೆ ಹೊಡೆದುಕೊಂಡು ಹೋದರೆ ತೊಂದರೆ ಶುರುವಾಗುತ್ತದೆ.

ನೀಲಗಿರಿ: ಹತ್ತಿರದ ಹಿಮ

ಕೆಎ-27 ಎಂಬ ಹಾವೇರಿಯ ನೋಂದಣಿ ಹೊತ್ತ ವಾಹನ ರಸ್ತೆಯಲ್ಲೇ ಹೋಗಿ ಹೆಪ್ಪುಗಟ್ಟುವ ಚಳಿಯನ್ನು ಮುಟ್ಟಬಹುದಾದ ಹತ್ತಿರದ ಜಾಗಗಳಲ್ಲಿ ತಮಿಳುನಾಡಿನ ನೀಲಗಿರಿ ಮುಖ್ಯವಾದದ್ದು. ಉದಕಮಂಡಲ (ಊಟಿ) ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಎಂದರೆ ಹಾನಗಲ್ಲಿಗಿಂತ 1,700 ಮೀಟರಿನಷ್ಟು ಮೇಲೆ. ಎತ್ತರ ಒಂದು ಕಿಲೊಮೀಟರ್ ಹೆಚ್ಚಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಹಾನಗಲ್ಲಿನಲ್ಲಿ 14 ಡಿಗ್ರಿ ಇರುವ ಬೆಳಗ್ಗೆ ಊಟಿಯಲ್ಲಿ 3 ಡಿಗ್ರಿ ಇರಬೇಕು. ಉಳಿದ ಇಳಿತವನ್ನು ಕಣಿವೆಗಳು ಮಾಡಿಕೊಡುತ್ತವೆ. ತಣ್ಣನೆಯ ಗಾಳಿ ಭಾರವಾದ್ದರಿಂದ ರಾತ್ರಿ ಇಳಿಜಾರುಗಳಿಂದ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ಇಂಥ ತಗ್ಗುಗಳಲ್ಲಿ ಉಷ್ಣತೆ ಸೊನ್ನೆಗೂ ಅದರ ಕೆಳಗೂ ಹೋಗುತ್ತದೆ. ಸರ್ಕಾರಿ ಸಸ್ಯೋದ್ಯಾನದ ಹುಲ್ಲುಹಾಸು ಬಿಳಿಯಾಗುತ್ತದೆ, ಚಹಾ ಗಿಡದ ಚಿಗುರು ಸುಟ್ಟಂತೆ ಕಪ್ಪಾಗುತ್ತದೆ, ರಾತ್ರಿ ಹೊರಗೆ ನಿಂತ ಕಾರುಗಳ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಹೆಪ್ಪುಗಟ್ಟಿದ ಇಬ್ಬನಿಯ ಹಿಮ ಕೂರುತ್ತದೆ.

ಕರ್ನಾಟಕದವರು ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಮಸಿನಗುಡಿಯ ಮೇಲೆ ಕಲ್ಲಟ್ಟಿ ಘಾಟಿ ಹತ್ತಿದರೆ ಮೇಲೆ ಸೇರುವುದು ತಲೈಕುಂದಾಕ್ಕೆ. ಗೂಡಲೂರಿನ ಸುತ್ತುದಾರಿಯಲ್ಲಿ ಬಂದರೂ ಇದೇ ಕೂಡುಜಾಗ. ಇಂಥ ಹಿಮ ಕಟ್ಟುವ ತಾಣವೆಂದು ಚಳಿಗಾಲದಲ್ಲಿ ವರ್ಷವರ್ಷ ಸುದ್ದಿಗೆ ಬರುವುದೂ ಇದೇ ತಲೈಕುಂದಾ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಹಗಲಲ್ಲೇ ಮೇಲೆ ಹತ್ತಿ ರಾತ್ರಿ ಅಲ್ಲೇ ತಂಗುವುದು ರೂಢಿ. ಕಾರು ಹೊರಗೆ ನಿಲ್ಲುತ್ತದೆ.

ನಿಜ ಹೇಳಬೇಕೆಂದರೆ ಊಟಿಯ ಹಿಮ ಬಾಗಿಲಿಗಿಂತ ಮುಂಗಾಜಿನ ತೊಂದರೆ. ಛಾವಣಿ, ಗಾಜು ಆಕಾಶಕ್ಕೆ ಮುಖ ಮಾಡಿರುವುದರಿಂದ ಬೇಗ ತಣಿಯುತ್ತವೆ. ಬಾಗಿಲು ನೆಟ್ಟಗೆ ನಿಂತಿರುವುದರಿಂದ ಅಷ್ಟು ಶಾಖ ಕಳೆದುಕೊಳ್ಳುವುದಿಲ್ಲ. ಬಾಗಿಲು ಅಂಟಿದರೂ ಎಂಟು, ಒಂಬತ್ತರ ಬಿಸಿಲಿಗೆ ತಾನಾಗಿ ಬಿಡುತ್ತದೆ. ಘಾಟಿಯ ದೂಳು ಹೋಗಲೆಂದು ಸಂಜೆ ಕಾರಿಗೆ ಬಕೆಟ್‌ಗಟ್ಟಲೆ ನೀರು ಸುರಿದವರಿಗೆ ಮಾತ್ರ ಬೆಳಗ್ಗೆ ಗಟ್ಟಿ ಅನುಭವವಾಗುತ್ತದೆ. ಅಲ್ಲಿ ತಂಗುವವರು ಕಾರನ್ನು ತಗ್ಗಿನಲ್ಲಿ, ಕೆರೆಯ ಅಂಚಿನಲ್ಲಿ, ಹುಲ್ಲು ಬಯಲಿನಲ್ಲಿ ನಿಲ್ಲಿಸದೆ ಇಳಿಜಾರಿನ ಮೇಲೋ ಮರದಡಿಯೋ ನಿಲ್ಲಿಸುವುದು ಒಳ್ಳೆಯದು. ಮರದ ಹಂದರ ಆಕಾಶಕ್ಕೆ ಅಡ್ಡ ನಿಂತು ಶಾಖ ಹೋಗುವುದನ್ನು ತಡೆಯುತ್ತದೆ. ಕಾರಿನ ಮೇಲೆ ಹೊದಿಸುವ ಬಟ್ಟೆ ಮಾಡುವುದೂ ಇದೇ ಕೆಲಸ, ಆದರೆ ಒದ್ದೆ ಕಾರಿಗೆ ಹೊದಿಸಿದರೆ ಬಟ್ಟೆಯೇ ಬಣ್ಣಕ್ಕೆ ಅಂಟಿ ಕೂರುತ್ತದೆ.

ಹಿಮಾಲಯದ ಕಡೆಗೆ

ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಮೈನಸ್ 10, ಮೈನಸ್ 15 ಡಿಗ್ರಿ ಹೊಸತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಸೇನೆಗೆ ಸೇರಿದವರಿಗೆ ಈ ಚಳಿಯ ಪರಿಚಯ ಪ್ರವಾಸಿಗರಿಗಿಂತ ಮೊದಲೇ ಆಗಿರುತ್ತದೆ. ಲಡಾಖಿನ ಗಾಳಿ ಬಹಳ ಒಣಗಿರುವುದರಿಂದ ಅಲ್ಲಿ ಬಾಗಿಲು ಅಂಟುವುದು ಚಳಿಯ ಪ್ರಮಾಣಕ್ಕೆ ಹೋಲಿಸಿದರೆ ಕಡಿಮೆ. ಡೀಸೆಲ್ ಮಂದವಾಗಿ ಎಂಜಿನ್ನಿಗೆ ಹರಿಯದಿರುವುದು ಅಲ್ಲಿಯ ದೊಡ್ಡ ಗೋಳು. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಅಲ್ಲಿಗೆ ಒದಗಿಸಲು ತೊಡಗಿತು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹುಲ್ ಕಣಿವೆಗೆ ಚಳಿಗಾಲದಲ್ಲೂ ಕಾರು ಹೋಗುವಂತಾಯಿತು. ಹಿಮ ಬೀಳುವ, ಹಗಲು ಕರಗುವ, ರಾತ್ರಿ ಮತ್ತೆ ಗಟ್ಟಿಯಾಗುವ ಆ ಕಣಿವೆಯಲ್ಲಿ ಬಾಗಿಲಿನ ಸಮಸ್ಯೆ ಲೇಹ್‌ಗಿಂತ ಹೆಚ್ಚು ಕಾಡುವಂಥದು.

ಹೊರನಾಡಿನ ಕನ್ನಡ ಮನೆಗಳು

ಕನ್ನಡಿಗರಲ್ಲಿ ಈ ಸಮಸ್ಯೆಯನ್ನು ಪ್ರತಿ ವರ್ಷ ಎದುರಿಸುವವರು ಉತ್ತರ ಅಮೆರಿಕದವರು. ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟಿನಲ್ಲಿ ಪಂಪ ಕನ್ನಡ ಕೂಟ, ಟೊರಾಂಟೊದಲ್ಲಿ ಕನ್ನಡ ಸಂಘ ಇವೆ. ಮೂರೂ ಊರುಗಳು ಮಹಾಸರೋವರಗಳ ಸುತ್ತಲಿನ ಚಳಿಯಲ್ಲಿವೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನಗಳು ನಡೆಯುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ; 2008ರಲ್ಲಿ ಶಿಕಾಗೊದಲ್ಲಿ ನಡೆದದ್ದೂ ಹಾಗೆಯೇ. ಊರಿನಿಂದ ಹೋದ ಸಾಹಿತಿ, ಕಲಾವಿದರು ಕಂಡು ಬಂದು ಪ್ರವಾಸ ಕಥನ ಬರೆಯುವ ಶಿಕಾಗೊ ಹೀಗಾಗಿ ಬೇಸಗೆಯ ಶಿಕಾಗೊ. ಅದೇ ಊರಿನಲ್ಲಿ 2019ರ ಜನವರಿ 30ರಂದು ಉಷ್ಣತೆ ಮೈನಸ್ 31 ಡಿಗ್ರಿಗೆ ಇಳಿದಿತ್ತು.

ಹೆಚ್ಚು ಚಳಿಯ ಊರಿನಲ್ಲೇ ಬಾಗಿಲು ಹೆಚ್ಚು ಅಂಟುತ್ತದೆ ಎಂದು ತೋರುವುದು ಸಹಜ, ಆದರೆ ಅದು ತಪ್ಪು. ಕೆನಡಾದ ವಿನ್ನಿಪೆಗ್‌ನಂಥ ಊರಿನಲ್ಲಿ ಜನವರಿ ಪೂರ್ತಿ ಸೊನ್ನೆಯ ಕೆಳಗೇ ಕಳೆಯುತ್ತದೆ. ಹಿಮ ಒಣಪುಡಿಯಾಗಿ ಬಿದ್ದು ಗಾಳಿಗೆ ಹಾರಿಹೋಗುತ್ತದೆ, ನೀರಿನ ರೂಪಕ್ಕೆ ಬರುವುದು ವಿರಳ. ಟೊರಾಂಟೊದಲ್ಲಿ, ಶಿಕಾಗೊದಲ್ಲಿ ಮಧ್ಯಾಹ್ನ ಸೊನ್ನೆಯ ಮೇಲೆ ಹೋಗಿ ಕರಗಿದ ಹಿಮ ರಾತ್ರಿ ಮತ್ತೆ ಕಲ್ಲಾಗುತ್ತದೆ. ಸೊನ್ನೆಯ ಗೆರೆಯನ್ನು ದಿನಕ್ಕೆರಡು ಬಾರಿ ದಾಟುವ ಇಂಥ ಊರುಗಳೇ ಬಾಗಿಲಿಗೆ ಕೆಟ್ಟವು. ಎಲ್ಲಕ್ಕಿಂತ ಕೆಟ್ಟದ್ದು ಮಳೆಯ ಹನಿ ನೀರಾಗಿಯೇ ಬಿದ್ದು ಮುಟ್ಟಿದ ಕೂಡಲೇ ಗಟ್ಟಿಯಾಗುವ ಹೆಪ್ಪುಮಳೆ. 1998ರ ಜನವರಿಯ ಮೊದಲಾರ್ಧದಲ್ಲಿ ಕೆನಡಾದ ಕ್ವಿಬೆಕ್ ಮತ್ತು ಪೂರ್ವ ಒಂಟಾರಿಯೊದ ಮೇಲೆ ದಿನಗಟ್ಟಲೆ ಸುರಿದ ಇಂಥ ಮಳೆ ವಿದ್ಯುತ್ ಗೋಪುರಗಳನ್ನೇ ಮಡಚಿ ಕೆಡವಿತು. ಅಂಥ ಮಳೆಯಲ್ಲಿ ನಿಂತ ಕಾರು ಗಾಜಿನ ಪೆಟ್ಟಿಗೆಯೊಳಗೆ ಸೇರಿಹೋಗುತ್ತದೆ. ಬಾಗಿಲು ಎಲ್ಲಿ ಮುಗಿಯುತ್ತದೆ ಎಂದು ಉಗುರಿನಿಂದ ಹುಡುಕಬೇಕಾಗುತ್ತದೆ.

ಕನ್ನಡ ಮನೆಗಳ ರೂಢಿಗಳೂ ಇದರಲ್ಲಿ ಒಂದು ಪಾತ್ರ ವಹಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಮಹಾನವಮಿಗೆ ಮಾತ್ರವಲ್ಲ, ದೀಪಾವಳಿ ಪಾಡ್ಯಕ್ಕೂ ವಾಹನ ತೊಳೆದು ಪೂಜೆ ಮಾಡುವುದುಂಟು. ಹಾನಗಲ್ಲಿನಲ್ಲಿ ಆ ಹೊತ್ತಿಗೆ ಹಿಂಗಾರಿನ ಮೋಡವೋ ಹಿತವಾದ ಚಳಿಯೋ ಇರುತ್ತದೆ. ಮಿನ್ನಿಯಾಪೊಲಿಸ್‌ನಲ್ಲಿ ಅಕ್ಟೋಬರಿನಲ್ಲೇ ರಾತ್ರಿಯ ಉಷ್ಣತೆ ಸೊನ್ನೆ ಮುಟ್ಟಲು ತೊಡಗಿರುತ್ತದೆ. ಸಂಜೆ ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಹಾಯಿಸಿ ಹೊರಗೇ ಬಿಟ್ಟರೆ ಮರುದಿನ ಬಾಗಿಲು ಮೊಂಡು ಹಿಡಿಯುತ್ತದೆ. ಪೂಜೆಯನ್ನು ಬಿಡಬೇಕಾಗಿಲ್ಲ. ಮಧ್ಯಾಹ್ನವೇ ತೊಳೆದು, ನಾಲ್ಕೂ ಬಾಗಿಲಿನ ಅಂಚು ಒಣಬಟ್ಟೆಯಿಂದ ಒರೆಸಿ, ಒಂದು ಸುತ್ತು ಓಡಿಸಿಕೊಂಡು ಬಂದರಾಯಿತು. ಸಂಕ್ರಾಂತಿ ಜನವರಿಯ ನಡುವಿಗೆ ಬರುತ್ತದೆ. ಶಾಲೆಯ ಸಭಾಂಗಣದಲ್ಲಿ ಎಳ್ಳುಬೆಲ್ಲ ಹಂಚಿ ಕಾರ್ಯಕ್ರಮ ಮುಗಿಸಿ ನಾಲ್ಕೈದು ತಾಸಿನ ಮೇಲೆ ಹೊರಬಂದಾಗ, ಮಕ್ಕಳ ಒದ್ದೆ ಬೂಟಿನ ನೀರು ಹಿಂದಿನ ಬಾಗಿಲುಗಳ ಅಂಚಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಇದಕ್ಕೆ ರಬ್ಬರಿನ ಆಳ ಕಾಲೊರಸು ಹಾಕಿ, ಇಳಿದ ಕೂಡಲೇ ಅದರ ನೀರು ಚೆಲ್ಲುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ತಡೆ

ಮೊದಲ ಕೆಲಸ ಒರೆಸುವುದು. ಚಳಿ ಇಳಿಯುವ ಮೊದಲು ಬೀಡಿಂಗನ್ನೂ ಅದು ಒತ್ತುವ ಚೌಕಟ್ಟಿನ ಅಂಚನ್ನೂ ಒದ್ದೆಬಟ್ಟೆಯಿಂದ ಒರೆಸಿ ದೂಳು ತೆಗೆದು, ಆಮೇಲೆ ಒಣಬಟ್ಟೆಯಿಂದ ನೀರು ಪೂರ್ತಿ ತೆಗೆಯಬೇಕು. ದೂಳಿನ ಮೇಲೆ ಏನು ಹಚ್ಚಿದರೂ ಅದು ಕೆಸರಾಗುತ್ತದೆ. ಬಾಗಿಲಿನ ತಳದ ತೂತುಗಳನ್ನು ಊದುಬತ್ತಿಯ ಕಡ್ಡಿಯಂಥದ್ದರಿಂದ ಮೆಲ್ಲಗೆ ಬಿಡಿಸಬೇಕು. ಚಳಿಗಾಲದಲ್ಲಿ ವಾಟರ್ ಸರ್ವಿಸ್ ಮಾಡಿಸಿದರೆ ಬಾಗಿಲುಗಳನ್ನು ಕೆಲವು ನಿಮಿಷ ಅಗಲಕ್ಕೆ ತೆರೆದಿಟ್ಟು, ಒಂದೆರಡು ಸಲ ಹಾಕಿ ತೆಗೆಯಬೇಕು. ಬಾಗಿಲು ತೆರೆದಿರುವಾಗಲೇ ಹನಿ ಗಟ್ಟಿಯಾದರೆ ಅದು ಎರಡು ಮೈಗಳನ್ನು ಸೇರಿಸಿ ಹಿಡಿಯಲಾರದು, ಒಂದರ ಮೇಲೆ ಸುಮ್ಮನೆ ಕೂತಿರುತ್ತದೆ. ರಾತ್ರಿ ಕಾರು ನಿಲ್ಲಿಸುವಾಗಲೂ ಹೀಗೆಯೇ ಒಂದು ನಿಮಿಷ ಬಾಗಿಲು ತೆರೆದಿಟ್ಟು ಒಳಗಿನ ಬೆಚ್ಚನೆಯ ತೇವದ ಗಾಳಿಯನ್ನು ಹೊರಬಿಡಬಹುದು. ಛಾವಣಿಯ ಮೇಲೆ ಹಿಮ ರಾಶಿಯಾಗಿದ್ದರೆ ಬ್ರಷ್ಷಿನಿಂದ ತಳ್ಳಿಬಿಡಬೇಕು. ಒಳಗಿನ ಶಾಖಕ್ಕೆ ಅದು ಕರಗಿ ಇಳಿಯುವುದು ನೇರವಾಗಿ ಬಾಗಿಲಿನ ಸಂದಿಗೇ.

ಎರಡನೆಯದು ಹಚ್ಚುವುದು. ಇಲ್ಲಿ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಅತ್ಯುತ್ತಮವಾದದ್ದು ಸಿಲಿಕೋನ್. ಸ್ಪ್ರೇ ರೂಪದಲ್ಲೂ, ತುದಿಗೆ ಸ್ಪಂಜಿರುವ ಕಡ್ಡಿಯ ರೂಪದಲ್ಲೂ ಸಿಗುತ್ತದೆ. ಅದು ನೀರನ್ನು ಹತ್ತಿರ ಬಿಡುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ಇಪಿಡಿಎಂ ರಬ್ಬರಿಗೆ ಹಾನಿ ಮಾಡುವುದಿಲ್ಲ. ನೇರವಾಗಿ ಬಾಗಿಲಿಗೆ ಸಿಂಪಡಿಸದೆ ಬಟ್ಟೆಗೆ ಸಿಂಪಡಿಸಿ ಆ ಬಟ್ಟೆಯಿಂದ ಬೀಡಿಂಗ್ ಸವರಬೇಕು. ಮುಂಗಾಜಿಗೆ ತಾಗಿದರೆ ವೈಪರ್ ಆಡಿದಾಗ ಮಸುಕು ಕಟ್ಟುತ್ತದೆ, ಪೆಡಲಿಗೆ ತಾಗಿದರೆ ಕಾಲು ಜಾರುತ್ತದೆ. ತೆಳುವಾಗಿ ಹಚ್ಚಿದರೆ ಸಾಕು. ಹೆಚ್ಚು ಹಚ್ಚಿದಷ್ಟೂ ಹೊಟ್ಟು, ದೂಳು ಮೆತ್ತುತ್ತದೆ.

ಸಿಲಿಕೋನ್ ಸಿಗದ ಕಡೆ ಗ್ಲಿಸರಿನ್ ನಂಬಬಹುದು. ಚಳಿಗಾಲದಲ್ಲಿ ಒಡೆದ ತುಟಿಗೆ, ಹಿಮ್ಮಡಿಗೆ ಹಚ್ಚಲು ಸವಣೂರಿನ ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಅದೇ ಗ್ಲಿಸರಿನ್. ಎರಡು ಪಾಲು ಗ್ಲಿಸರಿನ್ನಿಗೆ ಒಂದು ಪಾಲು ನೀರು ತೂಕದಲ್ಲಿ ಬೆರೆಸಿದರೆ ಆ ಮಿಶ್ರಣ ಸುಮಾರು ಮೈನಸ್ 46 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಮಳೆಗೆ ತೊಳೆದುಹೋಗುವುದು ಅದರ ಕೊರತೆ, ಮತ್ತೆ ಮತ್ತೆ ಹಚ್ಚಬೇಕು. ಜರ್ಮನಿಯಲ್ಲಿ ಹಿಂದೆ ಜಿಂಕೆಯ ಕೊಬ್ಬಿನ ಕಡ್ಡಿಯನ್ನು ಬೀಡಿಂಗಿಗೆ ತೀಡುತ್ತಿದ್ದರು, ಈಗಲೂ ಕೆಲವರು ತೀಡುತ್ತಾರೆ.

ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಸುಮಾರು 24–25 ಡಿಗ್ರಿಗಿಂತ ಕೆಳಗೆ ಅದು ತಾನೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಳೆಣ್ಣೆ ರಬ್ಬರಿಗೆ ಅಷ್ಟು ಕೆಟ್ಟದ್ದಲ್ಲ. ಹಿಂದೆ ಬ್ರೇಕ್ ಆಯಿಲ್‌ಗಳಲ್ಲಿ ಅದನ್ನೇ ಬಳಸುತ್ತಿದ್ದರು. ಆದರೆ ಚಳಿಗೆ ಅದು ಅಂಟಂಟಾಗಿ ದೂಳೆಲ್ಲ ಬಳಿದುಕೊಳ್ಳುತ್ತದೆ. ಅಮೆರಿಕದಲ್ಲಿ ದೋಸೆಕಾವಲಿಗೆ ಹೊಡೆಯುವ ಅಡುಗೆ ಎಣ್ಣೆಯ ಸ್ಪ್ರೇಯನ್ನು ಬಾಗಿಲಿಗೆ ಹೊಡೆಯುವ ಮನೆಮದ್ದು ಬಹಳ ಚಲಾವಣೆಯಲ್ಲಿದೆ. ಒಂದು ರಾತ್ರಿಗೆ ಅದು ನಡೆಯುತ್ತದೆ, ತಿಂಗಳು ಕಳೆದರೆ ಜಿಡ್ಡುಗಟ್ಟಿ ವಾಸನೆ ಹೊಡೆಯುತ್ತದೆ. ಪೆಟ್ರೋಲಿಯಂ ಜೆಲ್ಲಿ, ಗ್ರೀಸ್, ಹಳೆಯ ಎಂಜಿನ್ ಆಯಿಲ್ ಇಪಿಡಿಎಂ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಹಿಂಜಿಗೆ ಗ್ರೀಸ್ ಸರಿ, ಬೀಡಿಂಗಿಗೆ ಅಲ್ಲ. ನಮ್ಮ ಗ್ಯಾರೇಜುಗಳಲ್ಲಿ ಸರ್ವರೋಗಕ್ಕೂ ಮದ್ದಾಗಿರುವ ಡಬ್ಲ್ಯುಡಿ-40, 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತಯಾರಾದದ್ದು ಲೋಹದ ಮೇಲಿನ ನೀರು ಓಡಿಸಿ ತುಕ್ಕು ತಡೆಯಲು. ಬೀಗದೊಳಗಿನ ತೇವಕ್ಕೆ ಅದು ಸರಿ, ಬೀಡಿಂಗಿಗೆ ಬಾಳಿಕೆಯ ಲೇಪ ಅದಲ್ಲ.

ವಿನೆಗರ್ ಬೆರೆಸಿದ ನೀರು ಸಿಂಪಡಿಸಿ ಎಂಬ ಸಲಹೆಯೂ ಓಡಾಡುತ್ತದೆ. ಅಡುಗೆಯ ವಿನೆಗರಿನಲ್ಲಿ ಆಮ್ಲ ಇರುವುದು ಶೇ 5ರಷ್ಟು. ಅದರಿಂದ ನೀರು ಹೆಪ್ಪುಗಟ್ಟುವ ಬಿಂದು ಎರಡು ಡಿಗ್ರಿಯೂ ಇಳಿಯುವುದಿಲ್ಲ. ಶಿಕಾಗೊದ ಚಳಿಗೆ ಅದು ಲೆಕ್ಕಕ್ಕೇ ಇಲ್ಲ. ಉಪ್ಪುನೀರು ಬಿಂದುವನ್ನು ಇಳಿಸುತ್ತದೆ ನಿಜ, ಜೊತೆಗೆ ತಗಡನ್ನೂ ತಿನ್ನುತ್ತದೆ. ಉತ್ತರ ಅಮೆರಿಕದ ಹಳೆಯ ಕಾರುಗಳ ಬಾಗಿಲಿನ ತಳ ತೂತುಬೀಳುವುದೇ ರಸ್ತೆಗೆ ಸುರಿಯುವ ಉಪ್ಪಿನಿಂದ.

ಹಿಮಪಾತದ ಮುನ್ಸೂಚನೆ ಇದ್ದ ರಾತ್ರಿ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚುವುದು ಹಳೆಯ ಉಪಾಯ. ರಬ್ಬರು ಬಣ್ಣವನ್ನು ಮುಟ್ಟದಂತೆ ಅದು ನಡುವೆ ನಿಲ್ಲುತ್ತದೆ. ಬೆಳಗಿನ ಬಿಸಿಲು ಬಾಗಿಲಿನ ಮೇಲೆ ಬೀಳುವಂತೆ ಕಾರು ನಿಲ್ಲಿಸುವುದು, ಗಾಳಿ ಬೀಸುವ ಬದಿಯನ್ನು ಗೋಡೆಯ ಕಡೆ ಮಾಡುವುದು ಖರ್ಚಿಲ್ಲದ ದಾರಿಗಳು. ಮುಚ್ಚಿದ ಗ್ಯಾರೇಜಿನೊಳಗೆ ಕಾರು ಶುರುಮಾಡಿ ಬೆಚ್ಚಗೆ ಮಾಡಲು ಬಿಡುವುದು ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಂಟಿದ ಬಾಗಿಲು ಬಿಡಿಸುವುದು

ಮೊದಲು ಎಳೆಯಬಾರದು, ಒತ್ತಬೇಕು. ಹೆಗಲು, ಸೊಂಟ ಕೊಟ್ಟು ಬಾಗಿಲನ್ನು ಒಳಮುಖವಾಗಿ ಅಂಚಿನುದ್ದಕ್ಕೂ ಅಮುಕಿದರೆ ರಬ್ಬರು ಕುಗ್ಗಿ ಮಂಜುಗಡ್ಡೆ ಪುಡಿಯಾಗುತ್ತದೆ. ಮಂಜುಗಡ್ಡೆ ಗಟ್ಟಿ, ಆದರೆ ಬಾಗಲಾರದು. ಆಮೇಲೆ ಮೆಲ್ಲಗೆ ಎಳೆದು ನೋಡಬೇಕು. ಪ್ಲಾಸ್ಟಿಕ್ ಹ್ಯಾಂಡಲ್ಲಿನ ಮೇಲೆ ಪೂರ್ತಿ ಬಲ ಹಾಕಿದವರ ಕೈಗೆ ಹ್ಯಾಂಡಲ್ಲೇ ಕಿತ್ತು ಬರುತ್ತದೆ. ಒಂದು ಬಾಗಿಲು ಬಿಡದಿದ್ದರೆ ಉಳಿದ ಮೂರನ್ನೂ ಹಿಂದಿನ ಡಿಕ್ಕಿಯ ಬಾಗಿಲನ್ನೂ ನೋಡಬೇಕು. ಬಿಸಿಲು, ಗಾಳಿ ಎಲ್ಲ ಕಡೆ ಒಂದೇ ಸಮ ಬೀಳದ ಕಾರಣ ಒಂದಾದರೂ ತೆರೆಯುವ ಸಂಭವ ಹೆಚ್ಚು. ಒಳಗೆ ಸೇರಿ ಹೀಟರ್ ಹಾಕಿದರೆ ಉಳಿದವು ಸಡಿಲವಾಗುತ್ತವೆ.

ಬಿಸಿನೀರು ಸುರಿಯುವುದು ಊಟಿಯ ವಸತಿಗೃಹಗಳಲ್ಲಿ ಯಾರಿಗಾದರೂ ಹೊಳೆಯುವ ಮೊದಲ ಯೋಚನೆ, ಯಾಕೆಂದರೆ ಸ್ನಾನದ ಬಿಸಿನೀರು ಕೈಗೆಟುಕುವಂತಿರುತ್ತದೆ. ಆದರೆ ತಣ್ಣಗಿರುವ ಗಾಜು ಥಟ್ಟನೆ ಬಿಸಿಯಾದರೆ ಸೀಳಬಹುದು. ಸುರಿದ ನೀರು ಕೆಳಗಿಳಿದು ಮತ್ತೆ ಗಟ್ಟಿಯಾಗುತ್ತದೆ. ಬಿಸಿಲಿಗೆ ಕಾಯುವ ವ್ಯವಧಾನ ಇಲ್ಲದಿದ್ದರೆ ಆಲ್ಕೊಹಾಲ್ ಒಳ್ಳೆಯದು. ಐಸೊಪ್ರೊಪೈಲ್ ಆಲ್ಕೊಹಾಲ್ ಹೆಪ್ಪುಗಟ್ಟುವುದು ಮೈನಸ್ 89 ಡಿಗ್ರಿಯಲ್ಲಿ. ಅದಕ್ಕೆ ಸ್ವಲ್ಪ ನೀರು ಬೆರೆಸಿ ಸಂದಿಗೆ ಸಿಂಪಡಿಸಿದರೆ ಮಂಜುಗಡ್ಡೆ ಕರಗುತ್ತದೆ. ಕೊರೊನಾ ಕಾಲದಲ್ಲಿ ಎಲ್ಲರ ಚೀಲದಲ್ಲೂ ಇದ್ದ ಸ್ಯಾನಿಟೈಸರನ್ನು ಕೀಲಿಕೈಗೆ ಹಚ್ಚಿ ಬೀಗದೊಳಗೆ ತೂರಿಸುವುದು ಇದೇ ತತ್ತ್ವದ ಸುಲಭ ರೂಪ. ಎರಡೂ ಥಟ್ಟನೆ ಹೊತ್ತಿಕೊಳ್ಳುವಂಥವು. ಲೈಟರಿನಿಂದ ಕೀಲಿ ಕಾಯಿಸುವ ಹಳೆಯ ರೂಢಿಯನ್ನು ಇವುಗಳ ಜೊತೆ ಬೆರೆಸಬಾರದು. ಇಂದಿನ ಕೀಲಿಗಳೊಳಗೆ ಚಿಪ್ ಇರುವುದರಿಂದ ಕಾಯಿಸುವುದು ಹೇಗೂ ಸಲ್ಲದು.

ಹೊಸ ಬಗೆಯ ಹ್ಯಾಂಡಲ್‌ಗಳು

ಇತ್ತೀಚಿನ ಹಲವು ವಿದ್ಯುತ್ ಕಾರುಗಳಲ್ಲಿ ಹ್ಯಾಂಡಲ್ ಬಾಗಿಲಿನ ಮೈಗೆ ಸಮವಾಗಿ ಒಳಗೆ ಸೇರಿಕೊಂಡಿರುತ್ತದೆ, ಕಾರಿನ ಬೀಗ ತೆರೆದಾಗ ಹೊರಬರುತ್ತದೆ. ಭಾರತದಲ್ಲಿ ಮಾರಾಟವಾಗುವ ಕೆಲವು ಮಾದರಿಗಳಲ್ಲೂ ಇದು ಬಂದಿದೆ. ಹಿಮದ ನಾಡಿನಲ್ಲಿ ಅದರ ಸುತ್ತಲಿನ ಸಣ್ಣ ಸಂದಿಗೆ ಮಂಜುಗಡ್ಡೆ ಕಟ್ಟಿದರೆ ಹ್ಯಾಂಡಲ್ ಹೊರಗೇ ಬರುವುದಿಲ್ಲ, ಹಿಡಿದು ಎಳೆಯಲು ಏನೂ ಇರುವುದಿಲ್ಲ. ಹ್ಯಾಂಡಲ್ಲಿನ ಸುತ್ತ ಮುಷ್ಟಿಯಿಂದ ಹಗುರವಾಗಿ ಗುದ್ದಿ ಮಂಜುಗಡ್ಡೆ ಒಡೆಯುವುದು ಅಲ್ಲಿಯ ರೂಢಿ. ಚೌಕಟ್ಟಿಲ್ಲದ ಗಾಜಿನ ಬಾಗಿಲುಗಳಲ್ಲಿ ಇನ್ನೊಂದು ತೊಡಕಿದೆ. ಬಾಗಿಲು ತೆರೆಯುವ ಕ್ಷಣದಲ್ಲಿ ಗಾಜು ಒಂದಿಷ್ಟು ಕೆಳಗಿಳಿದು ಬೀಡಿಂಗಿನಿಂದ ಬಿಡಿಸಿಕೊಳ್ಳಬೇಕು, ಹೆಪ್ಪುಗಟ್ಟಿದ ಗಾಜು ಇಳಿಯುವುದಿಲ್ಲ. ಬಲವಂತವಾಗಿ ತೆರೆದರೆ ಗಾಜು ಒಡೆಯಬಹುದು, ಮುಚ್ಚುವಾಗ ಬೀಡಿಂಗಿನೊಳಗೆ ಕೂರದೆ ಹೊರಗುಳಿಯಬಹುದು. ಇಂಥ ಕಾರುಗಳನ್ನು ಫೋನಿನಿಂದಲೇ ಮುಂಚಿತವಾಗಿ ಬೆಚ್ಚಗೆ ಮಾಡುವ ಸೌಲಭ್ಯ ಇರುತ್ತದೆ. ಹೊರಡುವ ಸುಮಾರು ಅರ್ಧ ಗಂಟೆ ಮೊದಲು ಅದನ್ನು ಹಾಕಿಟ್ಟರೆ ಗಾಜೂ ಹ್ಯಾಂಡಲ್ಲೂ ಬಿಡಿಸಿಕೊಳ್ಳುತ್ತವೆ. ಬ್ಯಾಟರಿಯ ಶಕ್ತಿ ಇದಕ್ಕೆ ವ್ಯಯವಾಗುವುದರಿಂದ ಕಾರು ಚಾರ್ಜಿಂಗಿಗೆ ಸಿಕ್ಕಿಸಿಕೊಂಡಿರುವಾಗಲೇ ಇದನ್ನು ಮಾಡುವುದು ಲೇಸು.